ಹಾಜರಿ ಪುಸ್ತಕವನ್ನು ಓದುವ ಬಗೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಂತೆ ನಮ್ಮ ಪ್ರೌಢಶಾಲೆಗಳಲ್ಲಿ ಪ್ರತಿವರ್ಷ ಒಂದು ಪಟ್ಟಿ ಸಿದ್ಧವಾಗುತ್ತದೆ. ಪರೀಕ್ಷೆಗೆ ಕೂರಲು ಬೇಕಾದ ಶೇ. 75ರ ಹಾಜರಾತಿ ಇಲ್ಲದ ಮಕ್ಕಳ ಪಟ್ಟಿ ಅದು. ಪೋಷಕರನ್ನು ಕರೆಸುತ್ತಾರೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಕೆಲವರಿಂದ ವೈದ್ಯರ ಪ್ರಮಾಣಪತ್ರ ತರಿಸುತ್ತಾರೆ. ಉಳಿದವರ ಪಾಡು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವುದೋ, ಓದನ್ನೇ ಬಿಡುವುದೋ ಆಗುತ್ತದೆ. ಆ ಪಟ್ಟಿಯಲ್ಲಿರುವ ಹೆಚ್ಚಿನ ಮಕ್ಕಳು ಹತ್ತನೇ ತರಗತಿಯಲ್ಲಿ ಇದ್ದಕ್ಕಿದ್ದಂತೆ ಶಾಲೆ ತಪ್ಪಿಸಲು ಶುರುಮಾಡಿದವರಲ್ಲ. ಅವರ ಎಂಟನೇ ತರಗತಿಯ ಹಾಜರಿ ಪುಸ್ತಕ ತೆರೆದರೆ ಅಲ್ಲಿಯೇ ಸಾಲು ಶುರುವಾಗಿರುತ್ತದೆ: ಸಂತೆಯ ದಿನ ಒಂದು ಗೈರು, ಬಿತ್ತನೆಯ ವಾರದಲ್ಲಿ ನಾಲ್ಕು, ದೀಪಾವಳಿಯ ಮೇಲೆ ಹದಿನೈದು. ಶಾಲೆ ದಿನವೂ ಬರೆದಿಡುವ ದಾಖಲೆಯೊಂದು ಮಗು ಯಾವಾಗ, ಯಾಕೆ ಜಾರುತ್ತಿದೆ ಎಂಬುದನ್ನು ತಿಂಗಳುಗಳ ಮುಂಚೆಯೇ ಹೇಳುತ್ತಿದ್ದರೂ, ನಾವು ಅದನ್ನು ವರ್ಷದ ಕೊನೆಗೆ ತೀರ್ಪು ಕೊಡಲು ಮಾತ್ರ ತೆರೆಯುತ್ತೇವೆ. ಪ್ರೌಢಶಾಲೆಯ ಗೈರುಹಾಜರಿಯ ಬಗ್ಗೆ ನಮ್ಮ ಶಾಲೆಗಳು ತೋರುವ ಪ್ರತಿಕ್ರಿಯೆ ಸೋಲುತ್ತಿರುವುದು ಇಲ್ಲಿ ಎಂಬುದು ಈ ಲೇಖನದ ವಾದ. ಬಿಗಿ ಕಡಿಮೆಯಾಗಿ ಅದು ಸೋಲುತ್ತಿಲ್ಲ. ತಡವಾಗಿ ಬರುವುದರಿಂದ ಮತ್ತು ಕಾರಣವನ್ನು ಕೇಳದೆ ಇರುವುದರಿಂದ ಸೋಲುತ್ತಿದೆ.

ಎಂಟನೇ ತರಗತಿಯಿಂದಲೇ ಯಾಕೆ? ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಊರಿನ ಶಾಲೆ ಏಳಕ್ಕೆ ಮುಗಿಯುತ್ತದೆ. ಎಂಟಕ್ಕೆ ಹೋಬಳಿಯ ಊರಿಗೋ ದೊಡ್ಡ ಹಳ್ಳಿಗೋ ಹೋಗಬೇಕು. 2009ರಲ್ಲಿ ಬಂದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನವು ಐದು ಕಿಲೋಮೀಟರಿನೊಳಗೆ ಪ್ರೌಢಶಾಲೆ ಇರಬೇಕೆಂದು ಗುರಿ ಹಾಕಿಕೊಂಡಿತು. ಕಾಗದದ ಮೇಲೆ ಐದು ಕಿಲೋಮೀಟರ್ ಸಣ್ಣ ದೂರ. ಬೆಳಿಗ್ಗೆ ಒಂದೇ ಬಸ್ಸಿರುವ ಊರಿನ ಮಗುವಿಗೆ ಅದು ತಪ್ಪಿಹೋದ ಇಡೀ ದಿನ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಅದು ದೊಡ್ಡ ಲಾಭವೇ. ಆದರೆ ತುಂಬಿದ ಬಸ್ಸು ಶಾಲೆಯ ಮಕ್ಕಳನ್ನು ಕಂಡೂ ನಿಲ್ಲದೆ ಹೋಗುತ್ತದೆಂದು ವಿದ್ಯಾರ್ಥಿಗಳು ರಸ್ತೆಯಲ್ಲಿ ಕೂತು ಪ್ರತಿಭಟಿಸಿದ ಸುದ್ದಿ ಜಿಲ್ಲೆ ಜಿಲ್ಲೆಗಳಿಂದ ಬರುತ್ತಲೇ ಇದೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು ಈ ಕಷ್ಟವನ್ನು ನೇರವಾಗಿ ಹಿಡಿದ ಕೆಲಸವಾಗಿತ್ತು. ಅದೇ ಕಾಲದಲ್ಲಿ ಬಿಹಾರದಲ್ಲೂ ಬಾಲಕಿಯರಿಗೆ ಸೈಕಲ್ ಯೋಜನೆ ಬಂತು. ಅದರ ಫಲವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನೆರೆಯ ಜಾರ್ಖಂಡಿನೊಂದಿಗೆ ಹೋಲಿಸಿ ಅಳೆದರು. ಪ್ರೌಢಶಾಲೆಗೆ ದಾಖಲಾಗುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಏರಿಕೆ ಹೆಚ್ಚಾಗಿ ಕಂಡದ್ದು ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ. ನಮ್ಮಲ್ಲಿ ಕೋವಿಡ್ ಕಾಲದಲ್ಲಿ ನಿಂತ ಸೈಕಲ್ ವಿತರಣೆ ವರ್ಷಗಟ್ಟಲೆ ಮತ್ತೆ ಶುರುವಾಗಲಿಲ್ಲ. ಬಸ್ಸು ತಪ್ಪಿಸಿಕೊಂಡು ಎರಡನೇ ಪೀರಿಯಡ್ಡಿಗೆ ಬಂದ ಮಗುವನ್ನು ಗೇಟಿನ ಹೊರಗೆ ನಿಲ್ಲಿಸುವ ಶಾಲೆಗಳು ಮಾತ್ರ ಈಗಲೂ ಇವೆ. ಮೂರು ಸಲ ಹಾಗೆ ನಿಂತ ಮಗು ನಾಲ್ಕನೇ ಸಲ ಬಸ್ಸು ತಪ್ಪಿದಾಗ ಮನೆಯಲ್ಲೇ ಉಳಿಯುತ್ತದೆ.

ದುಡಿಮೆಯ ಕಾರಣ ಎಲ್ಲರಿಗೂ ಗೊತ್ತಿರುವಂಥದು ಎಂದುಕೊಳ್ಳುತ್ತೇವೆ. ಅದರ ಕ್ಯಾಲೆಂಡರ್ ನಮಗೆ ಗೊತ್ತಿಲ್ಲ. ಕೊಪ್ಪಳ, ಹಾವೇರಿ ಕಡೆಯ ಬೀಜದ ಹತ್ತಿ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಎಳೆಯ ಬೆರಳುಗಳೇ ಬೇಕೆಂದು ಮಕ್ಕಳನ್ನು ಕರೆದೊಯ್ಯುವ ಕಾಲ ಬೇರೆ, ರಾಯಚೂರು ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ ಬೇರೆ. ವಿಜಯಪುರ, ಕಲಬುರಗಿ, ಯಾದಗಿರಿಯ ತಾಂಡಾಗಳಿಂದ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳು ಸುಗ್ಗಿಯ ಮುಂಚೆಯೇ ಮುಂಗಡ ಪಡೆದಿರುತ್ತವೆ. ಮಲೆನಾಡಿನಲ್ಲಿ ಅಡಿಕೆ, ಕೊಡಗಿನಲ್ಲಿ ಕಾಫಿ ಹಣ್ಣಾದಾಗ ಅಲ್ಲಿಯ ಕೂಲಿ ಲೈನುಗಳ ಮಕ್ಕಳ ಹಾಜರಿ ಇಳಿಯುತ್ತದೆ. ಇವೆಲ್ಲ ವರ್ಷವರ್ಷವೂ ಅದೇ ವಾರಗಳಲ್ಲಿ ನಡೆಯುವಂಥವು, ಮುಂಚಿತವಾಗಿ ತಿಳಿಯಬಹುದಾದಂಥವು. ಕಾನೂನಿನ ಕಡೆಯಿಂದ ನೋಡಿದರೆ ಪ್ರೌಢಶಾಲೆಯ ವಯಸ್ಸೇ ಬಿರುಕಿನಲ್ಲಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ 14ರೊಳಗಿನವರ ದುಡಿಮೆಯನ್ನು ನಿಷೇಧಿಸುತ್ತದೆ, ಆದರೆ ಶಾಲೆಯ ವೇಳೆ ಮುಗಿದ ಮೇಲೆ ಮತ್ತು ರಜೆಯಲ್ಲಿ ಮನೆಯ ಉದ್ಯೋಗಕ್ಕೆ ನೆರವಾಗಲು ಅವಕಾಶ ಕೊಡುತ್ತದೆ. 14ರಿಂದ 18ರವರೆಗಿನವರಿಗೆ ಅಪಾಯಕಾರಿ ಕೆಲಸಗಳು ಮಾತ್ರ ನಿಷಿದ್ಧ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯೂ 14ಕ್ಕೆ ನಿಂತುಬಿಡುತ್ತದೆ. ಹಾಗಾಗಿ ಒಂಬತ್ತನೇ ತರಗತಿಯ ಹುಡುಗ ಗ್ಯಾರೇಜಿನಲ್ಲಿ ಕೆಲಸ ಮಾಡಿದರೆ ಅದನ್ನು ತಡೆಯುವ ಕಾನೂನು ಬಹುತೇಕ ಇಲ್ಲ, ಅವನನ್ನು ಶಾಲೆಗೆ ಕರೆತರುವ ಹೊಣೆಯೂ ಯಾರ ಮೇಲೂ ಸ್ಪಷ್ಟವಾಗಿ ಇಲ್ಲ.

ಹೆಣ್ಣುಮಕ್ಕಳ ಗೈರಿನ ಬಗ್ಗೆ ನಾವು ಒಂದೇ ಕಾರಣಕ್ಕೆ ಬೇಗ ಜೋತುಬೀಳುತ್ತೇವೆ. ಮುಟ್ಟಿನ ದಿನಗಳಲ್ಲಿ ಶಾಲೆ ತಪ್ಪುತ್ತದೆ, ಆದ್ದರಿಂದ ಪ್ಯಾಡ್ ಕೊಟ್ಟರೆ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆ. ಪ್ಯಾಡ್ ಹಂಚುವ ಕರ್ನಾಟಕದ ಶುಚಿ ಯೋಜನೆ ಅಗತ್ಯವಾದದ್ದೇ. ಅದು ಕೆಲವು ವರ್ಷ ನಿಂತು 2024ರಲ್ಲಿ ಮತ್ತೆ ಶುರುವಾದದ್ದು ಒಳ್ಳೆಯದೇ. ಹೆಣ್ಣುಮಕ್ಕಳ ಘನತೆಗೆ, ಆರೋಗ್ಯಕ್ಕೆ ಅದು ಬೇಕು. ಆದರೆ ಹಾಜರಿಯನ್ನು ಅದೊಂದೇ ಏರಿಸುತ್ತದೆಂದು ಹೇಳಲು ಆಧಾರ ಸಾಲದು. ನೇಪಾಳದಲ್ಲಿ ಎಮಿಲಿ ಓಸ್ಟರ್ ಮತ್ತು ರೆಬೆಕಾ ಥಾರ್ನ್‌ಟನ್ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಟ್ಟಿನ ಕಾರಣಕ್ಕೆ ತಪ್ಪಿದ ಶಾಲಾದಿನಗಳು ವರ್ಷಕ್ಕೆ ಅರ್ಧ ದಿನಕ್ಕೂ ಕಡಿಮೆ ಎಂದು ಕಂಡುಬಂತು. ಇನ್ನೊಂದೆಡೆ ಭಾರತದ ಶಾಲಾ ಶೌಚಾಲಯಗಳ ಬಗ್ಗೆ ಅಂಜಲಿ ಆದುಕಿಯಾ ಮಾಡಿದ ಅಧ್ಯಯನದ ಪ್ರಕಾರ, ಚಿಕ್ಕ ಮಕ್ಕಳ ದಾಖಲಾತಿ ಹೆಚ್ಚಲು ಯಾವ ಶೌಚಾಲಯವಾದರೂ ಸಾಕಾಯಿತು, ಹರೆಯದ ಹುಡುಗಿಯರ ವಿಷಯದಲ್ಲಿ ಮಾತ್ರ ಅವರಿಗೇ ಮೀಸಲಾದ ಪ್ರತ್ಯೇಕ ಶೌಚಾಲಯ ಬೇಕಾಯಿತು. ನೀರಿಲ್ಲದ, ಚಿಲಕವಿಲ್ಲದ, ಬೀಗ ಹಾಕಿ ಕೀಲಿಯನ್ನು ಮುಖ್ಯ ಶಿಕ್ಷಕರ ಕೋಣೆಯಲ್ಲಿಟ್ಟ ಶೌಚಾಲಯ ಲೆಕ್ಕದಲ್ಲಿ ಇದ್ದರೂ ಹುಡುಗಿಯ ಪಾಲಿಗೆ ಇಲ್ಲ. ಇದಕ್ಕಿಂತ ದೊಡ್ಡ ಕಾರಣ ಮನೆಗೆಲಸ. ತಾಯಿ ಕೂಲಿಗೆ ಹೋದ ದಿನ ತಮ್ಮ ತಂಗಿಯರನ್ನು ನೋಡಿಕೊಳ್ಳುವವಳು ಎಂಟನೇ ತರಗತಿಯ ಅಕ್ಕ. ಅವಳ ಗೈರು ಹೆಚ್ಚಿದಂತೆ ಮದುವೆಯ ಮಾತು ಹತ್ತಿರವಾಗುತ್ತದೆ. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ರಾಜ್ಯ ತಿದ್ದುಪಡಿ ತಂದಿದೆ, ಆದರೆ ಮದುವೆಯ ಸುಳಿವು ಮೊದಲು ಸಿಗುವ ಸ್ಥಳ ಪೊಲೀಸ್ ಠಾಣೆಯಲ್ಲ, ತರಗತಿಯ ಹಾಜರಿ ಪುಸ್ತಕ.

ಇವೆಲ್ಲ ಹೊರಗಿನ ಕಾರಣಗಳು. ಶಾಲೆಯೇ ಮಗುವನ್ನು ಹೊರಗೆ ನೂಕುವ ಕಾರಣದ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ, ಹೆಚ್ಚು ಮಾತಾಡಬೇಕಾದದ್ದು ಅದರ ಬಗ್ಗೆಯೇ. 14ರಿಂದ 18ರ ವಯಸ್ಸಿನವರನ್ನು ಕುರಿತು 26 ರಾಜ್ಯಗಳ 28 ಜಿಲ್ಲೆಗಳಲ್ಲಿ ನಡೆದ, ಕಲಿಕೆಯ ಮಟ್ಟವನ್ನು ಅಳೆಯುವ 2023ರ ಅಸರ್ ಸಮೀಕ್ಷೆಯಲ್ಲಿ ನಾಲ್ಕರಲ್ಲೊಬ್ಬರು ತಮ್ಮ ಭಾಷೆಯ ಎರಡನೇ ತರಗತಿಯ ಪಠ್ಯವನ್ನು ಸರಾಗವಾಗಿ ಓದಲಾರದವರಾಗಿದ್ದರು. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಮಾಡಬಲ್ಲವರು ಶೇ. 43ರಷ್ಟು ಮಾತ್ರ. ಈ ಅಂಕಿಯನ್ನು ಒಂಬತ್ತನೇ ತರಗತಿಯ ಗಣಿತದ ಪೀರಿಯಡ್ಡಿಗೆ ಕೊಂಡೊಯ್ದು ನೋಡಬೇಕು. ಭಾಗಾಕಾರ ಬಾರದ ಹುಡುಗನ ಮುಂದೆ ಬಹುಪದೋಕ್ತಿಗಳು ನಡೆಯುತ್ತಿವೆ. ಅವನು ಬೋರ್ಡಿನಲ್ಲಿದ್ದುದನ್ನು ನೋಟ್ ಪುಸ್ತಕಕ್ಕೆ ಇಳಿಸುತ್ತಾನೆ, ಶಿಕ್ಷಕರು ತನ್ನ ಕಡೆ ನೋಡದಿರಲಿ ಎಂದು ತಲೆ ತಗ್ಗಿಸುತ್ತಾನೆ. ದಿನಕ್ಕೆ ಏಳು ಪೀರಿಯಡ್ಡು, ವಾರಕ್ಕೆ ಆರು ದಿನ ತಾನು ದಡ್ಡ ಎಂಬುದನ್ನು ಎಲ್ಲರೆದುರು ಒಪ್ಪಿಕೊಳ್ಳುತ್ತಾ ಕೂರುವುದು ಯಾವ ವಯಸ್ಕನಿಗೂ ಸಾಧ್ಯವಿಲ್ಲದ ಕೆಲಸ. ಹದಿನಾಲ್ಕರ ಹುಡುಗ ಅದರಿಂದ ತಪ್ಪಿಸಿಕೊಂಡರೆ ನಾವು ಅದನ್ನು ಅಶಿಸ್ತು ಎನ್ನುತ್ತೇವೆ. ಅವನ ಗೈರಿಗೂ ಒಂದು ವಿನ್ಯಾಸ ಇರುತ್ತದೆ: ಕಿರುಪರೀಕ್ಷೆಯ ದಿನ, ಹೋಂವರ್ಕ್ ತೋರಿಸಬೇಕಾದ ದಿನ, ಬೈಯುವ ಶಿಕ್ಷಕರ ಪೀರಿಯಡ್ಡು ಮೊದಲೇ ಬರುವ ದಿನ. ಜೂನ್‌ನ ಸೇತುಬಂಧ ಕಾರ್ಯಕ್ರಮ ಈ ಕೊರತೆಯನ್ನು ತುಂಬಲೆಂದೇ ಇದೆ. ಆದರೆ ಏಳು ವರ್ಷದಲ್ಲಿ ಬೆಳೆದ ಕಂದಕವನ್ನು ಎರಡು ಮೂರು ವಾರ ಮುಚ್ಚಲಾರವು. ಆಮೇಲೆ ಅವನ ನೆನಪಾಗುವುದು ಹತ್ತನೇ ತರಗತಿಯಲ್ಲಿ, ಪಾಸಾಗಲು ಬೇಕಾದಷ್ಟೇ ಪಾಠಗಳ ಪಾಸಿಂಗ್ ಪ್ಯಾಕೇಜ್ ಹಂಚುವಾಗ. ಆ ಹೊತ್ತಿಗೆ ಶಿಕ್ಷಕರು ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುತ್ತಾರೆ, ಸಂಜೆಯ ವಿಶೇಷ ತರಗತಿ ನಡೆಸುತ್ತಾರೆ, ಮನೆಮನೆಗೆ ಹೋಗುತ್ತಾರೆ. ಈ ಶ್ರಮ ನಿಜವಾದದ್ದು, ಗೌರವಕ್ಕೆ ತಕ್ಕದ್ದು. ಅದರ ಅರ್ಧದಷ್ಟು ಎಂಟನೇ ತರಗತಿಯ ಜುಲೈನಲ್ಲಿ ಸಿಕ್ಕಿದ್ದರೆ ಎಷ್ಟೋ ಮಕ್ಕಳು ಹತ್ತರವರೆಗೆ ಉಳಿಯುತ್ತಿದ್ದರು. ಅಮೆರಿಕದ ಶಿಕಾಗೋ ನಗರದ ಶಾಲೆಗಳ ಬಗ್ಗೆ ಅಲ್ಲಿನ ಸಂಶೋಧಕರು 2007ರಲ್ಲಿ ಹೊರತಂದ ವರದಿ ಇದೇ ಮಾತನ್ನು ಅಂಕಿಗಳಲ್ಲಿ ಹೇಳಿತು. ಒಂಬತ್ತನೇ ತರಗತಿಯಲ್ಲಿ ಮಗು ಫೇಲಾಗುವುದನ್ನು ಹಿಂದಿನ ಪರೀಕ್ಷೆಯ ಅಂಕಗಳಿಗಿಂತ ಆ ವರ್ಷದ ಹಾಜರಿಯೇ ಎಷ್ಟೋ ಪಾಲು ಖಚಿತವಾಗಿ ಮುನ್ಸೂಚಿಸಿತ್ತು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ. ಎಲ್ಲ ಗೈರಿನ ಹಿಂದೆಯೂ ಬಡತನ, ಅವಮಾನ ಇರುವುದಿಲ್ಲ. ಮನೆಯಿಂದ ಸಮವಸ್ತ್ರ ಹಾಕಿಕೊಂಡು ಹೊರಟು ಬಸ್ ನಿಲ್ದಾಣದಲ್ಲೋ ಕೆರೆ ಏರಿಯ ಮೇಲೋ ದಿನ ಕಳೆಯುವವರು, ರಾತ್ರಿಯೆಲ್ಲ ಮೊಬೈಲ್ ನೋಡಿ ಬೆಳಿಗ್ಗೆ ಏಳಲಾರದವರು, ಗೆಳೆಯರ ಒತ್ತಾಯಕ್ಕೆ ಚಕ್ಕರ್ ಹೊಡೆಯುವವರು, ಪಟ್ಟಣಗಳಲ್ಲಿ ಗಾಂಜಾದ ಸುಳಿಗೆ ಸಿಕ್ಕವರು ಇದ್ದಾರೆ. ಅನುಕೂಲವಂತರ ಮಕ್ಕಳೂ ಇದ್ದಾರೆ. ಇವರಿಗೂ ಕಾರಣ ಕೇಳುತ್ತಾ ಕೂರಬೇಕೆ ಎಂದು ಶಿಕ್ಷಕರು ಕೇಳಿದರೆ ತಪ್ಪಿಲ್ಲ. ಆದರೆ ಯಾರು ಯಾವ ಗುಂಪಿನವರು ಎಂದು ತಿಳಿಯುವುದು ಹೇಗೆ? ಕಾರಣ ಕೇಳದೆ ಅದು ತಿಳಿಯುವುದಿಲ್ಲ. ಹೊರಗಿನಿಂದ ಎರಡೂ ಬಗೆಯ ಗೈರು ಒಂದೇ ಅಕ್ಷರ. ಕಾರಣ ಕೇಳದೆ ತೀರ್ಪು ಕೊಡುವ ತಪ್ಪು ಶಿಕ್ಷಕರ ಗೈರಿನ ಬಗ್ಗೆಯೇ ಒಮ್ಮೆ ನಡೆದಿದೆ. ಭಾರತದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಾಲುಭಾಗ ಶಿಕ್ಷಕರು ಭೇಟಿಯ ದಿನ ಇರಲಿಲ್ಲವೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ದೇಶವೆಲ್ಲ ಸುದ್ದಿಯಾಗಿ, ಶಿಕ್ಷಕರೆಂದರೆ ಕಳ್ಳಬೀಳುವವರು ಎಂಬ ಮಾತು ಹಬ್ಬಿತು. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕರ್ನಾಟಕವೂ ಸೇರಿದ ಆರು ರಾಜ್ಯಗಳ 619 ಶಾಲೆಗಳಲ್ಲಿ ನೋಡಿದಾಗ ಶೇ. 18.5ರಷ್ಟು ಶಿಕ್ಷಕರು ಶಾಲೆಯಲ್ಲಿ ಇರಲಿಲ್ಲ, ಆದರೆ ಕಾರಣವಿಲ್ಲದೆ ಗೈರಾದವರು ಶೇ. 2.5 ಮಾತ್ರ. ಉಳಿದವರು ರಜೆಯ ಮೇಲೋ ಇಲಾಖೆಯ ಕೆಲಸದ ಮೇಲೋ ಇದ್ದರು. ತಮ್ಮ ಗೈರನ್ನು ಕಾರಣ ಕೇಳಿ ತೂಗಬೇಕೆಂದು ಶಿಕ್ಷಕರು ಬಯಸುವುದು ನ್ಯಾಯ. ಅದೇ ನ್ಯಾಯ ಮಕ್ಕಳಿಗೂ ಸಲ್ಲಬೇಕು. ಸುಮ್ಮನೆ ಚಕ್ಕರ್ ಹೊಡೆಯುವವನ ವಿಷಯದಲ್ಲೂ ಮೊದಲ ವಾರದಲ್ಲೇ ವಿಚಾರಿಸಿದ ಶಾಲೆ ಅವನನ್ನು ಹಿಡಿಯಬಲ್ಲದು. ಮೂರು ತಿಂಗಳ ಬಳಿಕ ಅವನಿಗೆ ಹೊರಗಿನ ಗೆಳೆತನ ಗಟ್ಟಿಯಾಗಿರುತ್ತದೆ.

ಹಾಗಾದರೆ ಶಾಲೆಗಳು ಈಗ ಏನು ಮಾಡುತ್ತಿವೆ? ಹೊಡೆಯುವುದು, ಬಿಸಿಲಲ್ಲಿ ನಿಲ್ಲಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಪ್ರಕಾರ ನಿಷಿದ್ಧ. ಅದು ಕಡಿಮೆಯಾದರೂ ಪೂರ್ತಿ ನಿಂತಿಲ್ಲ. ಹೆಚ್ಚು ಬಳಕೆಯಲ್ಲಿರುವುದು ತಂದೆಯನ್ನು ಕರೆದುಕೊಂಡು ಬಂದರಷ್ಟೇ ಒಳಗೆ ಬಿಡುತ್ತೇವೆ ಎಂಬ ನಿಯಮ. ದಿನಗೂಲಿಯವನಿಗೆ ಆ ಕರೆಯೆಂದರೆ ಒಂದು ದಿನದ ಕೂಲಿ, ಜೊತೆಗೆ ಬೈಗುಳ. ಕೆಲವರು ಬರುತ್ತಾರೆ, ಹಲವರು ಬರುವುದಿಲ್ಲ, ಅವರು ಬರುವ ತನಕ ಮಗುವೂ ಬರುವುದಿಲ್ಲ. ಶಾಲೆ ತಪ್ಪಿಸಿದ್ದಕ್ಕೆ ಶಾಲೆ ತಪ್ಪಿಸುವುದೇ ಶಿಕ್ಷೆಯಾಗುವ ಈ ನಿಯಮವನ್ನು ಸಮರ್ಥಿಸುವುದು ನನಗೆ ಸಾಧ್ಯವಿಲ್ಲ. ಖಾಸಗಿ ಶಾಲೆಗಳಲ್ಲಿ ಟಿಸಿ ಕೊಟ್ಟು ಕಳಿಸುವ ಬೆದರಿಕೆ, ದಂಡ ಕಟ್ಟಿಸುವ ಪದ್ಧತಿ ಇದರ ಜೊತೆಗಿವೆ. ಕಠಿಣ ಶಿಕ್ಷೆಯಿಂದ ಹಾಜರಿ ಹೆಚ್ಚುತ್ತದೆ ಎನ್ನುವವರು ಅದನ್ನು ನಿಜವಾಗಿ ಪ್ರಯೋಗಿಸಿದ ನಾಡುಗಳ ಕಡೆ ನೋಡಬೇಕು. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಶಾಲೆ ತಪ್ಪಿಸುವುದು ಕ್ರಿಮಿನಲ್ ಅಪರಾಧವಾಗಿತ್ತು. ಮಕ್ಕಳು ನ್ಯಾಯಾಲಯಕ್ಕೆ ಹೋಗಿ 500 ಡಾಲರ್‌ವರೆಗೆ ದಂಡ ಕಟ್ಟಬೇಕಾಗುತ್ತಿತ್ತು. ಬಡಮಕ್ಕಳೇ ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದ ಆ ವ್ಯವಸ್ಥೆಯನ್ನು 2015ರಲ್ಲಿ ಟೆಕ್ಸಸ್ ತಾನೇ ಕೈಬಿಟ್ಟಿತು. ಇಂಗ್ಲೆಂಡಿನಲ್ಲಿ ಪೋಷಕರಿಗೆ ದಂಡ ಹಾಕುವ ಕ್ರಮ ಬಹುಕಾಲದಿಂದ ಇದೆ, 2024ರ ಆಗಸ್ಟ್‌ನಲ್ಲಿ ಅದನ್ನು 60ರಿಂದ 80 ಪೌಂಡಿಗೆ ಏರಿಸಲಾಯಿತು. ದಂಡದ ಕ್ರಮ ಜಾರಿಯಲ್ಲಿದ್ದಾಗಲೇ, ಶಾಲಾ ಅವಧಿಯ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ತಪ್ಪಿಸುವ ಮಕ್ಕಳ ಪ್ರಮಾಣ 2018–19ರ ಶೇ. 10.9ರಿಂದ 2022–23ರಲ್ಲಿ ಶೇ. 21.2ಕ್ಕೆ ಏರಿತು. ಕೋವಿಡ್ ಅದಕ್ಕೆ ಮುಖ್ಯ ಕಾರಣ ಎಂಬುದು ಸರಿ. ದಂಡದಿಂದ ಆ ಏರಿಕೆಯನ್ನು ತಡೆಯಲಾಗಲಿಲ್ಲ ಎಂಬುದೂ ಅಷ್ಟೇ ಸರಿ.

ಕರ್ನಾಟಕದಲ್ಲಿ ಸರಿಯಾದ ದಿಕ್ಕಿನ ಹೆಜ್ಜೆ ಬಂದದ್ದು ನ್ಯಾಯಾಲಯದಿಂದ. ಶಾಲೆಯ ಹೊರಗುಳಿದ ಮಕ್ಕಳ ಬಗ್ಗೆ ಬಂದ ಪತ್ರಿಕಾ ವರದಿಯನ್ನು ಹೈಕೋರ್ಟ್ 2013ರಲ್ಲಿ ತಾನಾಗಿ ವಿಚಾರಣೆಗೆ ಎತ್ತಿಕೊಂಡಿತು. ಆಗಿನ ನಿಯಮದಂತೆ ಮಗು 60 ದಿನ ಸತತ ಗೈರಾದ ಮೇಲಷ್ಟೇ ಅದನ್ನು ಶಾಲೆ ಬಿಟ್ಟ ಮಗು ಎಂದು ಗಣಿಸಲಾಗುತ್ತಿತ್ತು. ಆ ಪ್ರಕರಣದ ಫಲವಾಗಿ ಅದು ಏಳು ದಿನಕ್ಕೆ ಇಳಿಯಿತು. ಅರವತ್ತಕ್ಕೂ ಏಳಕ್ಕೂ ಇರುವ ಅಂತರವೇ ಇಡೀ ಪ್ರಶ್ನೆಯ ತಿರುಳು. ಏಳನೇ ದಿನ ಮನೆಬಾಗಿಲಿಗೆ ಹೋದರೆ ಕುಟುಂಬ ಇನ್ನೂ ಊರಿನಲ್ಲಿರಬಹುದು, ಅರವತ್ತನೇ ದಿನ ಹೋದರೆ ಬೀಗ. ಆದರೆ ನಿಯಮ ಸತತ ಗೈರನ್ನು ಮಾತ್ರ ಕಾಣುತ್ತದೆ. ವಾರಕ್ಕೆ ಎರಡು ದಿನದಂತೆ ವರ್ಷವಿಡೀ ತಪ್ಪಿಸುವ ಮಗು ಎಂದೂ ಏಳು ದಿನ ಮುಟ್ಟುವುದಿಲ್ಲ. ಬಂದು ಬಿಸಿಯೂಟ ಮುಗಿಸಿ ಹೋಗುವ ಮಗುವೂ ಕಾಣುವುದಿಲ್ಲ. ವಿದ್ಯಾರ್ಥಿಗಳ ವಿವರ ದಾಖಲಿಸುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. 2025ರಲ್ಲಿ ಮುಖಚಹರೆ ಗುರುತಿಸುವ ತಂತ್ರಜ್ಞಾನದಿಂದ ಹಾಜರಿ ಪಡೆಯುವ ಯೋಜನೆಯನ್ನೂ ಸರ್ಕಾರ ಪ್ರಕಟಿಸಿತು, ಮಕ್ಕಳ ಖಾಸಗಿತನದ ಹೆಸರಿನಲ್ಲಿ ಅದಕ್ಕೆ ವಿರೋಧವೂ ಬಂತು. ಬಿಸಿಯೂಟದ, ಹಾಲು ಮೊಟ್ಟೆಯ ಲೆಕ್ಕಕ್ಕಾಗಿ ಹಾಜರಿಯನ್ನು ಹೆಚ್ಚಿಸಿ ಬರೆಯುವುದನ್ನು ಯಂತ್ರ ತಡೆಯಬಹುದು. ಮಗು ಯಾಕೆ ಬರಲಿಲ್ಲ ಎಂಬುದನ್ನು ಅದು ಹೇಳಲಾರದು. ಎಣಿಕೆ ಇನ್ನಷ್ಟು ನಿಖರವಾದರೆ ಸಮಸ್ಯೆ ಬಗೆಹರಿಯುತ್ತದೆ ಎಂಬ ನಂಬಿಕೆಗೆ ನಾವು ಪದೇಪದೇ ಮರಳುತ್ತಿದ್ದೇವೆ, ಖರ್ಚೂ ಅಲ್ಲಿಯೇ ಆಗುತ್ತಿದೆ.

ಫಲ ಕೊಟ್ಟಿರುವ ಉಪಾಯಗಳು ಇದಕ್ಕಿಂತ ಸರಳ. ಫಿಲಡೆಲ್ಫಿಯಾ ನಗರದಲ್ಲಿ ಸುಮಾರು 28,000 ಕುಟುಂಬಗಳೊಂದಿಗೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶಾಲೆ ಮಾಡಿದ್ದು ಇಷ್ಟೇ: ನಿಮ್ಮ ಮಗು ಈವರೆಗೆ ಇಷ್ಟು ದಿನ ಬಂದಿಲ್ಲ ಎಂದು ಪೋಷಕರಿಗೆ ಆಗಾಗ ಅಂಚೆಯಲ್ಲಿ ತಿಳಿಸಿತು. ದೀರ್ಘ ಗೈರಿನ ಪ್ರಮಾಣ ಶೇ. 10 ಅಥವಾ ಅದಕ್ಕೂ ಹೆಚ್ಚು ಇಳಿಯಿತು. ಪೋಷಕರು ನಿರ್ಲಕ್ಷ್ಯದಿಂದ ಇದ್ದರೆಂದು ಹೇಳುವಂತಿರಲಿಲ್ಲ, ಮಗು ತಪ್ಪಿಸಿದ ದಿನಗಳು ವಾಸ್ತವಕ್ಕಿಂತ ತುಂಬ ಕಡಿಮೆ ಎಂದು ಅವರು ನಂಬಿದ್ದರು. ಓದು ಬಾರದ ತಾಯಿಗೆ ಪತ್ರ ಸಾಲದು, ನಮ್ಮಲ್ಲಿ ಅದು ಫೋನ್ ಕರೆಯಾಗಬೇಕು, ಅದೂ ಅದೇ ದಿನ, ದೂರಿನ ದನಿಯಿಲ್ಲದೆ. ಸರಳ ಉಪಾಯ ಫಲ ಕೊಡುತ್ತದೆ ಎಂದು ಬಿಸಿಯೂಟದ ಇತಿಹಾಸವೂ ಹೇಳುತ್ತದೆ. ಕೇಂದ್ರದ ಯೋಜನೆ ಎಂಟನೇ ತರಗತಿಗೆ ನಿಲ್ಲುತ್ತದೆಯಾದರೂ ಕರ್ನಾಟಕ ತನ್ನ ಸ್ವಂತ ಹಣದಿಂದ ಅಕ್ಷರ ದಾಸೋಹವನ್ನು ಹತ್ತರವರೆಗೆ ನಡೆಸುತ್ತಿದೆ. ಹಸಿದ ಮಗು ತರಗತಿಯಲ್ಲಿ ಕೂರಲಾರದೆಂಬ ಸರಳ ಕಾರಣಕ್ಕೆ ಶಾಲೆ ಉತ್ತರ ಕೊಟ್ಟಿತು. ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿ ಶಾಲೆಗಳೂ, ಹುಡುಗಿಯರಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳೂ ಅಂಥವೇ ಉತ್ತರಗಳು. ಋತುಮಾನದ ವಸತಿ ಗುಳೆ ಶುರುವಾಗುವ ವಾರದಲ್ಲಿ ತೆರೆದರೆ ಉಪಯೋಗ, ಅನುದಾನ ಬಿಡುಗಡೆಯಾದ ತಿಂಗಳಲ್ಲಿ ತೆರೆದರೆ ಅಲ್ಲ. ಬಡತನ ನಿವಾರಣೆಯಾಗದೆ ಶಾಲೆ ಏನೂ ಮಾಡಲಾರದು ಎನ್ನುವವರಿಗೆ ಸೈಕಲ್, ಊಟ, ಹಾಸ್ಟೆಲ್ ಮೂರೂ ಉತ್ತರ. ಇವು ಬಡತನವನ್ನು ಕಳೆದಿಲ್ಲ, ಆದರೂ ಮಕ್ಕಳನ್ನು ಶಾಲೆಯಲ್ಲಿ ಉಳಿಸಿವೆ.

ಶಿಕ್ಷಕರ ಹೊರೆಯ ಮಾತು ಬಂದೇ ಬರುತ್ತದೆ, ಅದನ್ನು ಬದಿಗೆ ತಳ್ಳುವುದು ಅನ್ಯಾಯ. ಮತದಾರರ ಪಟ್ಟಿ, ಸಮೀಕ್ಷೆ, ಮೊಟ್ಟೆ ಹಾಲಿನ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ಇವೆಲ್ಲದರ ನಡುವೆ ಗಣಿತ, ಇಂಗ್ಲಿಷ್, ವಿಜ್ಞಾನದ ಹುದ್ದೆಗಳು ಖಾಲಿ ಬಿದ್ದಿರುತ್ತವೆ. ಶಾಲೆ ಶುರುವಾದ ಮೇಲೆ ಅತಿಥಿ ಶಿಕ್ಷಕರು ಬರುತ್ತಾರೆ, ಅವರ ಗೌರವಧನವೂ ಸಕಾಲಕ್ಕೆ ಬರುವುದಿಲ್ಲ. ಹೀಗಿರುವಾಗ ಪ್ರತಿ ಗೈರಿನ ಕಾರಣ ಹುಡುಕು ಎಂದು ತರಗತಿ ಶಿಕ್ಷಕಿಗೆ ಹೇಳುವುದು ಇನ್ನೊಂದು ಹೊರೆಯಷ್ಟೇ ಆಗಬಹುದು. ಆದ್ದರಿಂದ ಈ ಕೆಲಸ ಶಾಲೆಯೊಂದರದೇ ಆಗಬಾರದು. 2001ರಿಂದ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಸದಸ್ಯರು ಅದೇ ಊರುಗಳವರು. ಯಾವ ಮನೆ ಗುಳೆಗೆ ಮುಂಗಡ ಪಡೆದಿದೆ, ಯಾವ ಮನೆಯಲ್ಲಿ ಮದುವೆಯ ಮಾತು ನಡೆದಿದೆ ಎಂಬುದು ಶಿಕ್ಷಕಿಗಿಂತ ಮೊದಲು ಅವರಿಗೂ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೂ ತಿಳಿಯುತ್ತದೆ. ಗೈರು ಕಂಡ ದಿನವೇ ಅವರಿಗೆ ಸುದ್ದಿ ಮುಟ್ಟಿದರೆ ವಿಚಾರಣೆಯ ಹೊರೆ ಹಂಚಿಹೋಗುತ್ತದೆ. ಪಂಚಾಯಿತಿಗಳಿಗೆ ಮಕ್ಕಳ ಗ್ರಾಮಸಭೆಯ ವೇದಿಕೆಯೂ ಇದೆ. ಬಸ್ಸಿನ ವೇಳೆ ಬದಲಿಸಿ, ಶೌಚಾಲಯಕ್ಕೆ ನೀರು ಕೊಡಿ ಎಂದು ಮಕ್ಕಳು ಅಲ್ಲಿ ನೇರವಾಗಿ ಕೇಳುತ್ತಾರೆ. ಅವು ಹಾಜರಿಯ ಪ್ರಶ್ನೆಗಳೇ ಎಂದು ದೊಡ್ಡವರು ಗುರುತಿಸಬೇಕಷ್ಟೆ.

ಶಾಲೆಗಳು ಬೇಗ ಎಚ್ಚೆತ್ತುಕೊಳ್ಳದಿರಲು ಇನ್ನೊಂದು ಕಾರಣವಿದೆ, ಅದು ಶಾಲೆಯನ್ನು ನಾವು ಅಳೆಯುವ ರೀತಿಯಲ್ಲಿದೆ. ಪ್ರೌಢಶಾಲೆಯ ಹೆಸರು ನಿಲ್ಲುವುದೂ ಕೆಡುವುದೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಮೇಲೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿದ ಮೇಲೆ ಆ ಒತ್ತಡ ಹೆಚ್ಚಿದೆ. ಈ ಅಳತೆಯಲ್ಲಿ, ಓದಿನಲ್ಲಿ ಹಿಂದುಳಿದ ಮಗು ಒಂಬತ್ತರಲ್ಲೇ ಸದ್ದಿಲ್ಲದೆ ಹೊರಟುಹೋದರೆ ಶಾಲೆಗೆ ನಷ್ಟವಿಲ್ಲ, ಶೇಕಡಾವಾರು ಫಲಿತಾಂಶ ಏರುತ್ತದೆ. ಯಾವ ಶಿಕ್ಷಕರೂ ಹಾಗೆ ಬಯಸುತ್ತಾರೆಂದು ಇದರ ಅರ್ಥವಲ್ಲ. ಆದರೆ ಉಳಿಸಿಕೊಂಡದ್ದಕ್ಕೆ ಯಾರ ಮೆಚ್ಚುಗೆಯೂ ಇಲ್ಲದ, ಕಳೆದುಕೊಂಡದ್ದಕ್ಕೆ ಯಾರ ಪ್ರಶ್ನೆಯೂ ಇಲ್ಲದ ಕಡೆ ಉಳಿಸಿಕೊಳ್ಳುವ ಕೆಲಸ ಹಿಂದೆ ಬೀಳುತ್ತದೆ. ಫಲಿತಾಂಶದ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನೂ ಇಲಾಖೆ ಪ್ರಕಟಿಸಬೇಕು: ಮೂರು ವರ್ಷದ ಹಿಂದೆ ಈ ಶಾಲೆಯ ಎಂಟನೇ ತರಗತಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಈ ಸಲ ಪರೀಕ್ಷೆ ಬರೆದರು, ಬೇರೆ ಶಾಲೆಗೆ ಹೋದವರು ಎಷ್ಟು, ಎಲ್ಲಿಯೂ ಇಲ್ಲದವರು ಎಷ್ಟು. ಇದಕ್ಕೆ ಹೊಸ ಸಮೀಕ್ಷೆಯಾಗಲಿ ಹೊಸ ಯಂತ್ರವಾಗಲಿ ಬೇಕಿಲ್ಲ, ಸ್ಯಾಟ್ಸ್‌ನಲ್ಲಿರುವ ಮಕ್ಕಳ ಸಂಖ್ಯೆಗಳಿಂದಲೇ ಈ ಲೆಕ್ಕ ತೆಗೆಯಬಹುದು.